2 ಹೋಗಿ 3 ಬಂದದ್ದು: ಪೈಥಾನ್‌ನ ಮೇಜರ್ ವರ್ಷನ್ ಪ್ರಕರಣ

ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ 3.0 ವರ್ಷನ್ ಬಿಡುಗಡೆಯಾದದ್ದು 2008ರ ಡಿಸೆಂಬರ್ 3ರಂದು. ಪೈಥಾನ್ 2ಕ್ಕೆ ಅದರ ತಂಡ ಬೆಂಬಲ ನಿಲ್ಲಿಸಿದ್ದು 2020ರ ಜನವರಿ 1ರಂದು. ಮೊದಲ ಅಂಕಿ 2 ಇದ್ದದ್ದು 3 ಆಗುವುದಕ್ಕೆ ಹನ್ನೊಂದು ವರ್ಷ ಹಿಡಿಯಿತು. ಅಷ್ಟೂ ಕಾಲ ಒಂದೇ ಭಾಷೆಯ ಎರಡು ರೂಪಗಳು ಒಟ್ಟೊಟ್ಟಿಗೆ ಚಲಾವಣೆಯಲ್ಲಿದ್ದವು. ಒಂದಕ್ಕೆ ಬರೆದ ಪ್ರೋಗ್ರಾಂ ಇನ್ನೊಂದರಲ್ಲಿ ಓಡುತ್ತದೆ ಅನ್ನೋ ಗ್ಯಾರಂಟಿ ಇರಲಿಲ್ಲ. ಲೈಬ್ರರಿ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್) ಬರೆಯುವವರು, ಪಾಠ ಹೇಳುವವರು, ಕಂಪನಿಗಳಲ್ಲಿ ಹಳೇ ಕೋಡ್ ನೋಡಿಕೊಳ್ಳುವವರು, ಎಲ್ಲರೂ "ನಿಮ್ಮದು ಎರಡಾ, ಮೂರಾ?" ಅಂತ ಕೇಳಿಕೊಂಡೇ ಕೆಲಸ ಶುರು ಮಾಡಬೇಕಿತ್ತು.

ಮೇಜರ್ ವರ್ಷನ್ ನಂಬರ್, ಅಂದರೆ ಆ ಮೊದಲ ಅಂಕಿ, ಬದಲಾದರೆ ನಿಜವಾಗಿ ಏನಾಗುತ್ತದೆ ಅಂತ ತಿಳಿಯೋಕೆ ಇದಕ್ಕಿಂತ ಒಳ್ಳೆ ಪ್ರಕರಣ ನನಗೆ ಗೊತ್ತಿಲ್ಲ. ಇಲ್ಲಿ ಬದಲಾವಣೆ ಮಾಡಿದವರು ತಿಳಿದವರು, ಪ್ರಾಮಾಣಿಕರು. ಏನು ಮುರಿಯುತ್ತದೆ ಅಂತ ಮೊದಲೇ ಹೇಳಿದ್ದರು. ಮುರಿಯುವುದಕ್ಕೆ ಗಟ್ಟಿ ಕಾರಣವೂ ಇತ್ತು. ಆದರೂ ಇಷ್ಟು ವರ್ಷ ಯಾಕೆ ಬೇಕಾಯಿತು?

ಮೊದಲ ಅಂಕಿ ಏನು ಹೇಳುತ್ತದೆ

ಪೈಥಾನ್ 2ರ ಸಾಲಿನಲ್ಲಿ ಕೊನೆಯದಾಗಿ ಬಂದದ್ದು 2.7.18. ಇದರಲ್ಲಿ 2 ಮೇಜರ್, 7 ಮೈನರ್, 18 ಪ್ಯಾಚ್. ಸಾಮಾನ್ಯ ರೂಢಿ ಹೀಗಿದೆ: ತಪ್ಪು ತಿದ್ದಿದರೆ ಕೊನೆಯ ಅಂಕಿ ಏರುತ್ತದೆ. ಹಳೆಯದಕ್ಕೆ ಧಕ್ಕೆಯಾಗದ ಹಾಗೆ ಹೊಸದೇನಾದರೂ ಸೇರಿಸಿದರೆ ನಡುವಿನದು ಏರುತ್ತದೆ. ಹಳೇ ಕೋಡ್ ಓಡದೇ ಹೋಗಬಹುದಾದ ಬದಲಾವಣೆ ಮಾಡಿದರೆ ಮೊದಲನೆಯದು ಏರುತ್ತದೆ. ಗಿಟ್‌ಹಬ್ ಸ್ಥಾಪಕರಲ್ಲಿ ಒಬ್ಬರಾದ ಟಾಮ್ ಪ್ರೆಸ್ಟನ್-ವರ್ನರ್ ಈ ರೂಢಿಯನ್ನು ನಿಯಮಗಳಾಗಿ ಬರೆದಿಟ್ಟು ಸೆಮ್ಯಾಂಟಿಕ್ ವರ್ಷನಿಂಗ್ ಅಂತ ಹೆಸರಿಟ್ಟರು.

ಎಲ್ಲರೂ ಇದನ್ನು ಪಾಲಿಸುವುದಿಲ್ಲ. 2011ರ ಜುಲೈನಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ 2.6.39ರಿಂದ ಸೀದಾ 3.0ಕ್ಕೆ ಹೋಯಿತು. ಒಳಗೆ ಹಳೆಯದನ್ನು ಮುರಿಯುವಂಥದ್ದು ಏನೂ ಇರಲಿಲ್ಲ. ನಂಬರ್ ಉದ್ದವಾಗುತ್ತಾ ಹೋಗಿತ್ತು, ಲಿನಕ್ಸ್‌ಗೆ ಇಪ್ಪತ್ತು ವರ್ಷ ತುಂಬುತ್ತಿತ್ತು, ಅದರ ಜನಕ ಲೀನಸ್ ಟೊರ್ವಾಲ್ಡ್ಸ್ ಬದಲಾಯಿಸಿದರು, ಅಷ್ಟೇ. ಹಾಗಿದ್ದರೂ ಕೆಲವು ಪ್ರೋಗ್ರಾಂಗಳು ಕೆಟ್ಟವು. ಅವು ಕರ್ನಲ್ ನಂಬರ್ 2.6 ಅಂತಲೇ ಶುರುವಾಗುತ್ತದೆ ಅಂದುಕೊಂಡು ಬರೆದ ಪ್ರೋಗ್ರಾಂಗಳು. ಅಂಥವು ಕೇಳಿದಾಗ ಕರ್ನಲ್ ತನ್ನನ್ನು 2.6.40 ಅಂತ ಹೇಳಿಕೊಳ್ಳುವ ಒಂದು ವ್ಯವಸ್ಥೆಯನ್ನೇ ಆಮೇಲೆ ಸೇರಿಸಬೇಕಾಯಿತು. ಒಳಗೆ ಏನೂ ಬದಲಾಗದೆ ಬರೀ ನಂಬರ್ ಬದಲಾದರೂ ಯಾರದೋ ಕೆಲಸ ನಿಲ್ಲುತ್ತದೆ.

ಪೈಥಾನ್ 3ರದ್ದು ಇದಕ್ಕೆ ತದ್ವಿರುದ್ಧ. ಇಲ್ಲಿ ಅಂಕಿ ನಿಜವನ್ನೇ ಹೇಳಿತು: ಹಳೇ ಕೋಡ್ ಓಡುವುದಿಲ್ಲ. ಆದರೆ ಅಂಕಿ ಅಷ್ಟನ್ನೇ ಹೇಳಬಲ್ಲದು. ಕೋಡನ್ನು ಯಾರು ತಿದ್ದಬೇಕು, ತಿದ್ದುವವರೆಗೆ ಏನು ಮಾಡಬೇಕು, ಹಳೆಯದೂ ಹೊಸದೂ ಒಂದೇ ದಿನ ಒಂದೇ ಕಡೆ ಓಡಬಹುದಾ, ಇದ್ಯಾವುದೂ ಅಂಕಿಯಲ್ಲಿ ಇಲ್ಲ. ಪೈಥಾನ್ ವಿಚಾರದಲ್ಲಿ ಎಲ್ಲವೂ ನಿಂತದ್ದು ಈ ಹೇಳದೆ ಬಿಟ್ಟ ಭಾಗದ ಮೇಲೆ.

ಮುರಿಯದೆ ಬೇರೆ ದಾರಿ ಇರಲಿಲ್ಲ

ಗೀಡೋ ವಾನ್ ರೋಸಮ್ ಪೈಥಾನ್‌ನ ಮೊದಲ ಬಿಡುಗಡೆ ಮಾಡಿದ್ದು 1991ರ ಫೆಬ್ರವರಿಯಲ್ಲಿ. ಯೂನಿಕೋಡ್‌ನ ಮೊದಲ ಆವೃತ್ತಿ ಪ್ರಕಟವಾದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಅಂದರೆ ಪೈಥಾನ್ ಹುಟ್ಟುವಾಗ ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಪಟ್ಟಿ ಅನ್ನೋದು ಇನ್ನೂ ಬಂದಿರಲಿಲ್ಲ. ಆಗಿನ ಭಾಷೆಗಳಲ್ಲಿ ಸ್ಟ್ರಿಂಗ್ (ಪ್ರೋಗ್ರಾಂ ಒಳಗಿನ ಪಠ್ಯ) ಅಂದರೆ ಬೈಟ್‌ಗಳ ಸಾಲು. ಒಂದು ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್. ಅಷ್ಟರಲ್ಲಿ ಕೆಲಸ ನಡೆಯುತ್ತಿತ್ತು.

ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ ಹಳೇ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದವರಿಗೆ ಇದರ ತೊಂದರೆ ಗೊತ್ತಿರುತ್ತದೆ. ಕನ್ನಡ ಇರಬೇಕಾದ ಕಡೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಫೈಲಿನಲ್ಲಿ ಇರುವುದು ಬೈಟ್‌ಗಳು ಮಾತ್ರ. ಅದನ್ನು ಕನ್ನಡ ಅಂತ ಓದಬೇಕಾ, ಇಂಗ್ಲಿಷ್ ಅಂತ ಓದಬೇಕಾ ಅನ್ನೋದು ಬೈಟ್‌ನ ಮೇಲೆ ಬರೆದಿರುವುದಿಲ್ಲ. ಪಠ್ಯ ಬೇರೆ, ಅದನ್ನು ಉಳಿಸಿಡುವ ಬೈಟ್ ಬೇರೆ.

2000ದ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 2.0 ಯೂನಿಕೋಡ್ ಪಠ್ಯಕ್ಕೆ ಅಂತಲೇ ಎರಡನೇ ಬಗೆಯ ಸ್ಟ್ರಿಂಗ್ ತಂದಿತು. ಹಳೇ ಬೈಟ್ ಸ್ಟ್ರಿಂಗ್ ಹಾಗೇ ಉಳಿಯಿತು. ಎರಡನ್ನೂ ಕೂಡಿಸಬಹುದಿತ್ತು, ಬೆರೆಸಬಹುದಿತ್ತು. ಹಳೇ ಕೋಡ್ ಕೆಡದಿರಲಿ ಅನ್ನೋ ಒಳ್ಳೆ ಉದ್ದೇಶದಿಂದ ಮಾಡಿದ ಈ ಅನುಕೂಲವೇ ಮುಂದೆ ದೊಡ್ಡ ತಲೆನೋವಾಯಿತು.

ಪೈಥಾನ್ 2ರಲ್ಲಿ ಮಾಮೂಲಿ ಕೋಟ್ ಹಾಕಿ ‘ಕನ್ನಡ’ ಅಂತ ಬರೆದು ಅದರ ಉದ್ದ ಎಷ್ಟು ಅಂತ ಕೇಳಿ. ಯುಟಿಎಫ್-8 (ಯೂನಿಕೋಡ್ ಪಠ್ಯವನ್ನು ಬೈಟ್‌ಗಳಾಗಿ ಬರೆಯುವ ಒಂದು ಪದ್ಧತಿ) ಬಳಸುವ ಟರ್ಮಿನಲ್‌ನಲ್ಲಿ ಉತ್ತರ 15. ನಮ್ಮ ಲಿಪಿಯ ಒಂದೊಂದು ಸಂಕೇತಕ್ಕೂ ಯುಟಿಎಫ್-8ನಲ್ಲಿ ಮೂರು ಬೈಟ್ ಬೇಕು. ಕ, ನ, ವಿರಾಮದ ಗುರುತು, ಇನ್ನೊಂದು ನ, ಡ, ಹೀಗೆ ಐದು ಸಂಕೇತ, ಹದಿನೈದು ಬೈಟ್. ಮೊದಲ ನಾಲ್ಕನ್ನು ಕತ್ತರಿಸಿ ಕೊಡು ಅಂದರೆ ‘ಕ’ ಬರುತ್ತದೆ, ಅದರ ಹಿಂದೆ ‘ನ’ದ ಮೂರನೇ ಒಂದು ಭಾಗ ಬರುತ್ತದೆ. ಪರದೆಯ ಮೇಲೆ ಅದು ಪ್ರಶ್ನೆ ಚಿಹ್ನೆ ಇರುವ ಕಪ್ಪು ಡೈಮಂಡ್ ಆಗಿ ಕಾಣುತ್ತದೆ. ಶೀರ್ಷಿಕೆಯನ್ನು ಇಪ್ಪತ್ತು ‘ಅಕ್ಷರ’ಕ್ಕೆ ಮೊಟಕು ಮಾಡುವ ಪ್ರೋಗ್ರಾಂ ಕನ್ನಡ ಸಿಕ್ಕ ಕೂಡಲೇ ಕೊನೆಯಲ್ಲಿ ಕಸ ಉಗುಳುತ್ತಿದ್ದದ್ದು ಇದಕ್ಕೇ.

ಇನ್ನೂ ಕೆಟ್ಟದ್ದು ಬೆರಕೆಯ ವಿಷಯ. ಬೈಟ್ ಸ್ಟ್ರಿಂಗ್ ಒಂದನ್ನು ಯೂನಿಕೋಡ್ ಸ್ಟ್ರಿಂಗ್ ಜೊತೆ ಕೂಡಿಸಿದರೆ ಪೈಥಾನ್ 2 ನಮ್ಮನ್ನು ಕೇಳದೆ ಆ ಬೈಟ್‌ಗಳನ್ನು ಆಸ್ಕಿ ಅಂತ ಓದಿಬಿಡುತ್ತಿತ್ತು. ಆಸ್ಕಿಯಲ್ಲಿ ಇರುವುದು 128 ಸಂಕೇತ, ಅದರಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಲಿಪಿ ಇಲ್ಲ. ಒಂದು ಫಾರ್ಮಿನಲ್ಲಿ ಹೆಸರು ತೆಗೆದುಕೊಂಡು "ನಮಸ್ಕಾರ" ಸೇರಿಸಿ ತೋರಿಸುವ ಪ್ರೋಗ್ರಾಂ ಇದೆ ಅಂದುಕೊಳ್ಳಿ. ಬರೆದವರು ಇಂಗ್ಲಿಷ್ ಅಕ್ಷರದ ಹೆಸರು ಕೊಟ್ಟು ಪರೀಕ್ಷೆ ಮಾಡುತ್ತಾರೆ. ಓಡುತ್ತದೆ. ತಿಂಗಳುಗಟ್ಟಲೆ ಓಡುತ್ತದೆ. ಒಂದು ದಿನ ಯಾರೋ ‘ಗಿರಿಜಾ’ ಅಂತ ಕನ್ನಡದಲ್ಲೇ ಬರೆದು ಕಳಿಸುತ್ತಾರೆ. ಪ್ರೋಗ್ರಾಂ ಅಲ್ಲೇ ಬಿದ್ದುಹೋಗುತ್ತದೆ. ಆಸ್ಕಿ ಕೋಡೆಕ್‌ಗೆ ಈ ಬೈಟ್ ಬಿಡಿಸಲು ಆಗುತ್ತಿಲ್ಲ, 128ರ ಒಳಗೆ ಇಲ್ಲ ಅನ್ನೋ ಸಂದೇಶ ಬರುತ್ತದೆ. ಕನ್ನಡ, ತಮಿಳು, ಜಪಾನಿ, ಯಾವುದೇ ಭಾಷೆಯ ಪಠ್ಯದ ಜೊತೆ ಪೈಥಾನ್ 2ರಲ್ಲಿ ಕೆಲಸ ಮಾಡಿದವರಿಗೆ ಈ ಸಾಲು ಬಾಯಿಪಾಠ. ಎರರ್ ಬಂದ ಸಾಲು ಒಂದು ಕಡೆ, ನಿಜವಾದ ತಪ್ಪು ಎಲ್ಲೋ ಹತ್ತು ಫೈಲ್ ಹಿಂದೆ. ಕನ್ನಡದಲ್ಲಿ ಒಂದು ಕಾಮೆಂಟ್ ಬರೆದರೂ ಫೈಲಿನ ತಲೆಯಲ್ಲಿ ಎನ್‌ಕೋಡಿಂಗ್ ಯಾವುದು ಅಂತ ಹೇಳದಿದ್ದರೆ ಪೈಥಾನ್ 2.5 ಮತ್ತು ಅದರ ಮುಂದಿನವು ಆ ಫೈಲನ್ನು ಓಡಿಸುತ್ತಲೇ ಇರಲಿಲ್ಲ.

ಪೈಥಾನ್ 3 ಇದನ್ನು ಬೇರಿನಿಂದ ಬದಲಾಯಿಸಿತು. ಮಾಮೂಲಿ ಸ್ಟ್ರಿಂಗ್ ಅಂದರೆ ಯೂನಿಕೋಡ್ ಪಠ್ಯ. ಬೈಟ್‌ಗಳಿಗೆ ಬೇರೆಯೇ ಬಗೆ. ಎರಡನ್ನೂ ಕೂಡಿಸಲು ಹೋದರೆ ತಕ್ಷಣ ಎರರ್, ಇಂಗ್ಲಿಷ್ ಇರಲಿ ಕನ್ನಡ ಇರಲಿ. ತಪ್ಪು ಗಿರಿಜಾ ಬರುವವರೆಗೆ ಅಡಗಿ ಕೂರುವುದಿಲ್ಲ, ಬರೆದ ದಿನವೇ ಕಾಣುತ್ತದೆ. ‘ಕನ್ನಡ’ದ ಉದ್ದ ಈಗ 5. ನಮ್ಮ ಕಣ್ಣಿಗೆ ಕಾಣುವುದು ಮೂರೇ ಅಕ್ಷರ, ಒತ್ತಕ್ಷರವನ್ನು ಒಂದಾಗಿ ಎಣಿಸುವ ಕೆಲಸಕ್ಕೆ ಇವತ್ತಿಗೂ ಬೇರೆ ಲೈಬ್ರರಿ ಬೇಕು. ಆದರೂ 15ರಿಂದ 5ಕ್ಕೆ ಬಂದದ್ದು ದೊಡ್ಡ ಹೆಜ್ಜೆ. ವೇರಿಯಬಲ್‌ಗೆ ‘ಬೆಲೆ’ ಅಂತ ಕನ್ನಡದಲ್ಲೇ ಹೆಸರಿಡಲೂ ಪೈಥಾನ್ 3ರಲ್ಲಿ ಅವಕಾಶವಿದೆ. (‘ಸಾಫ್ಟ್‌ವೇರ್’ ಅಂತ ಇಡಲು ಆಗುವುದಿಲ್ಲ. ಅದರ ನಡುವೆ ಒತ್ತು ಕೂಡದಂತೆ ತಡೆಯುವ ಒಂದು ಕಾಣದ ಗುರುತು ಇದೆ, ಅದಕ್ಕೆ ಹೆಸರುಗಳಲ್ಲಿ ಜಾಗವಿಲ್ಲ.)

ನಾನು ಈ ಬದಲಾವಣೆಯ ಪರ. ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಬದುಕುವವರ ದೃಷ್ಟಿಯಿಂದ ನೋಡಿದರೆ ಪೈಥಾನ್ 2ರ ನಡವಳಿಕೆ ಬರೀ ಸಣ್ಣ ದೋಷ ಆಗಿರಲಿಲ್ಲ. ನಮ್ಮ ಹೆಸರು, ನಮ್ಮ ಊರು ಬಂದಾಗ ಮಾತ್ರ ಕೆಡುವ ಸಾಫ್ಟ್‌ವೇರನ್ನು ಜಗತ್ತು ಬರೆಯುತ್ತಾ ಹೋಗಿತ್ತು. ಇದನ್ನು ಮೈನರ್ ಬಿಡುಗಡೆಯಲ್ಲಿ ಸರಿ ಮಾಡಲು ಆಗುತ್ತಿರಲಿಲ್ಲ. ಸ್ಟ್ರಿಂಗ್ ಇಲ್ಲದ ಪ್ರೋಗ್ರಾಂ ಇದೆಯಾ? ಎಲ್ಲರ ಕೋಡನ್ನೂ ಮುಟ್ಟುವ ಬದಲಾವಣೆ ಇದು. ಮೊದಲ ಅಂಕಿ ಬದಲಾಗಲೇಬೇಕಿತ್ತು.

ಪಿಎಚ್‌ಪಿ ಭಾಷೆಗೂ ಅದೇ ಹೊತ್ತಿಗೆ ಇದೇ ಸಮಸ್ಯೆ ಎದುರಾಗಿತ್ತು. ಒಳಗಿನಿಂದಲೇ ಯೂನಿಕೋಡ್ ಇರುವ ಪಿಎಚ್‌ಪಿ 6 ತರಲು ಅವರು ವರ್ಷಗಟ್ಟಲೆ ದುಡಿದರು. ಆಗಲಿಲ್ಲ. 2010ರಲ್ಲಿ ಕೈಬಿಟ್ಟರು. ಅದಕ್ಕಾಗಿ ಮಾಡಿದ್ದ ಉಳಿದ ಕೆಲಸಗಳಲ್ಲಿ ಎಷ್ಟೋ ಅಷ್ಟರಲ್ಲೇ 5.3ರಲ್ಲಿ ಸೇರಿಹೋಗಿದ್ದವು. ಮುಂದೆ 2015ರಲ್ಲಿ ಹೊಸ ಮೇಜರ್ ವರ್ಷನ್ ಬಂದಾಗ ಅದಕ್ಕೆ 7 ಅಂತ ಹೆಸರಿಟ್ಟರು. ಬರದೇ ಹೋದ 6ರ ಬಗ್ಗೆ ಅಷ್ಟರಲ್ಲಿ ಪುಸ್ತಕಗಳೇ ಅಚ್ಚಾಗಿದ್ದವು. ಪೈಥಾನ್ ತಂಡ ಕೈಗೆತ್ತಿಕೊಂಡದ್ದು ಎಂಥ ಕಷ್ಟದ ಕೆಲಸ ಅಂತ ಇದರಿಂದ ಗೊತ್ತಾಗುತ್ತದೆ.

ಕಾಗದದ ಮೇಲೆ ಚೆನ್ನಾಗಿದ್ದ ಯೋಜನೆ

ಹೇಗೂ ಮುರಿಯುತ್ತೇವೆ, ಬೇರೆ ಹಳೇ ತೊಡಕುಗಳನ್ನೂ ಇದರ ಜೊತೆಗೇ ಸರಿಮಾಡೋಣ ಅಂತ ತಂಡ ತೀರ್ಮಾನಿಸಿತು. ಪರದೆಯ ಮೇಲೆ ತೋರಿಸುವ ಪ್ರಿಂಟ್ ಅನ್ನೋದು ಒಂದು ಫಂಕ್ಷನ್ ಆಯಿತು, ಅದಕ್ಕೆ ಬ್ರ್ಯಾಕೆಟ್ ಕಡ್ಡಾಯವಾಯಿತು. ಹೊರಗಿನವರಿಗೆ ಜಾಸ್ತಿ ಕಣ್ಣಿಗೆ ಬಿದ್ದದ್ದು ಇದೇ. ನಿಜ ಹೇಳಬೇಕೆಂದರೆ ಇದು ಏನೂ ಅಲ್ಲ. ಒಂದು ಸಣ್ಣ ಟೂಲ್ ಅದನ್ನು ತಾನಾಗಿಯೇ ತಿದ್ದಿಬಿಡುತ್ತದೆ.

ಭಾಗಾಕಾರ ಅಷ್ಟು ಸಲೀಸಲ್ಲ. ಪೈಥಾನ್ 2ರಲ್ಲಿ 7ನ್ನು 2ರಿಂದ ಭಾಗಿಸಿದರೆ 3. ಪೈಥಾನ್ 3ರಲ್ಲಿ 3.5. ನೂರು ಜನರಲ್ಲಿ 45 ಜನ ಅಂತ ಶೇಕಡಾ ಲೆಕ್ಕ ಹಾಕಲು 45ನ್ನು 100ರಿಂದ ಭಾಗಿಸಿ 100ರಿಂದ ಗುಣಿಸಿದರೆ ಹಳೆಯದರಲ್ಲಿ ಬರುವುದು 0, ಹೊಸದರಲ್ಲಿ 45. ಇಲ್ಲಿ ಎರರ್ ಬರುವುದಿಲ್ಲ. ಉತ್ತರ ಸದ್ದಿಲ್ಲದೆ ಬದಲಾಗುತ್ತದೆ. ಮೇಜರ್ ವರ್ಷನ್‌ನಲ್ಲಿ ಅತಿ ಅಪಾಯದ ಬದಲಾವಣೆ ಅಂದರೆ ಇಂಥದ್ದು. ಆದರೆ ಭಾಗಾಕಾರದಿಂದ ಆದ ಗಲಾಟೆ ಕಡಿಮೆ. ಯಾಕೆಂದರೆ 2001ರಲ್ಲೇ, ಪೈಥಾನ್ 2.2ರಲ್ಲೇ, ಹೊಸ ರೀತಿಯನ್ನು ಬೇಕಾದವರು ಬೇಕಾದ ಫೈಲಿನಲ್ಲಿ ಆರಿಸಿಕೊಳ್ಳುವ ಅನುಕೂಲ ಕೊಟ್ಟಿದ್ದರು. ಪೂರ್ಣಾಂಕ ಭಾಗಾಕಾರಕ್ಕೆ ಬೇರೆ ಚಿಹ್ನೆಯನ್ನೂ ಆಗಲೇ ತಂದಿದ್ದರು. ಜನ ಏಳು ವರ್ಷ ಮೊದಲೇ ತಯಾರಾಗಬಹುದಿತ್ತು. ಸ್ಟ್ರಿಂಗ್ ವಿಷಯದಲ್ಲಿ ಇಂಥ ಅನುಕೂಲ ಸಿಕ್ಕಿದ್ದು 2.6ರಲ್ಲಿ, ಅಂದರೆ 2008ರ ಅಕ್ಟೋಬರ್‌ನಲ್ಲಿ. 3.0 ಬರಲು ಬರೀ ಎರಡು ತಿಂಗಳಿತ್ತು.

ಜನ ಹೊಸದಕ್ಕೆ ಹೇಗೆ ಬರಬೇಕು ಅಂತಲೂ ತಂಡ ಬರೆದಿಟ್ಟಿತ್ತು. ಮೊದಲು ನಿಮ್ಮ ಕೋಡ್‌ಗೆ ಚೆನ್ನಾಗಿ ಟೆಸ್ಟ್ ಬರೆಯಿರಿ. ಅದನ್ನು 2.6ಕ್ಕೆ ತನ್ನಿ. ಎಚ್ಚರಿಕೆಗಳನ್ನು ಆನ್ ಮಾಡಿ, ಒಂದೂ ಬಾರದ ಹಾಗೆ ತಿದ್ದಿ. ಆಮೇಲೆ ‘ಟು ಟು ತ್ರೀ’ ಅನ್ನೋ ಟೂಲ್ ಓಡಿಸಿ, ಅದು ನಿಮ್ಮ ಕೋಡನ್ನು ಪೈಥಾನ್ 3ಕ್ಕೆ ಪರಿವರ್ತಿಸುತ್ತದೆ. ಅದು ಕೊಟ್ಟದ್ದನ್ನು ಕೈಯಿಂದ ತಿದ್ದಬೇಡಿ. ತಪ್ಪು ಕಂಡರೆ ಹಳೇ ಕೋಡನ್ನೇ ತಿದ್ದಿ ಮತ್ತೆ ಪರಿವರ್ತಿಸಿ. ಬಿಡುಗಡೆ ಮಾಡುವಾಗ ಎರಡಕ್ಕೂ ಬೇರೆ ಬೇರೆ ಪ್ಯಾಕೇಜ್ ಕೊಡಿ. ಐದು ವರ್ಷದ ಹೊತ್ತಿಗೆ ಹೊಸ ಕೆಲಸಗಳಿಗೆಲ್ಲ ಪೈಥಾನ್ 3 ಸಹಜ ಆಯ್ಕೆ ಆಗಬಹುದು ಅನ್ನೋ ಅಂದಾಜಿತ್ತು.

ಓದೋಕೆ ಚೆನ್ನಾಗಿದೆ, ಅಲ್ವಾ? ಲೈಬ್ರರಿ ನೋಡಿಕೊಳ್ಳುವವರ ಜಾಗದಲ್ಲಿ ಕೂತು ಯೋಚಿಸಿ ನೋಡಿ. ಅವರ ಬಳಕೆದಾರರು ಎಲ್ಲರೂ ಇನ್ನೂ ಪೈಥಾನ್ 2ರಲ್ಲಿದ್ದಾರೆ. 2.4, 2.5ರಲ್ಲಿ ನಿಂತವರೂ ಇದ್ದಾರೆ. ಅವರನ್ನು ಬಿಡುವ ಹಾಗಿಲ್ಲ. ಯಾರೋ ಪೈಥಾನ್ 3ರಲ್ಲಿ ಒಂದು ದೋಷ ಕಂಡು ಹೇಳಿದರೆ ಎರರ್‌ನಲ್ಲಿ ಬರುವ ಸಾಲಿನ ನಂಬರ್ ಟೂಲ್ ಹುಟ್ಟಿಸಿದ ಕೋಡಿನದು. ನಾವು ಬರೆದ ಕೋಡಿನದಲ್ಲ. ಒಂದೊಂದು ಸಲ ತಿದ್ದಿದಾಗಲೂ ಮತ್ತೆ ಪರಿವರ್ತಿಸಬೇಕು, ದೊಡ್ಡ ಪ್ರಾಜೆಕ್ಟಿಗೆ ಅದೇ ಒಂದಷ್ಟು ಹೊತ್ತು ಹಿಡಿಯುತ್ತದೆ. ಇದನ್ನು ಮಾಡುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದೆ, ಸಂಜೆ ಹೊತ್ತಲ್ಲಿ, ವಾರದ ಕೊನೆಯಲ್ಲಿ ಕೆಲಸ ಮಾಡುವವರು. ಮೊದಲ ಅಂಕಿ ಏರಿಸುವುದು ಒಂದು ತಂಡದ ತೀರ್ಮಾನ. ಅದರ ಕೂಲಿ ಸಾವಿರಾರು ಜನರ ತಲೆಯ ಮೇಲೆ ಬೀಳುತ್ತದೆ.

ಅದರ ಮೇಲೆ 3.0 ನಿಧಾನವಾಗಿತ್ತು. ಫೈಲ್ ಓದಿ ಬರೆಯುವ ಭಾಗವನ್ನು ಪೈಥಾನ್‌ನಲ್ಲೇ ಬರೆದಿದ್ದರು. 2009ರ ಜೂನ್‌ನಲ್ಲಿ ಬಂದ 3.1ರಲ್ಲಿ ಅದನ್ನು ಸಿ ಭಾಷೆಯಲ್ಲಿ ಮತ್ತೆ ಬರೆದ ಮೇಲೆ ಸರಿಹೋಯಿತು. ಅಷ್ಟರಲ್ಲಿ ಮೊದಲು ನೋಡಿದವರ ಮನಸ್ಸಿನಲ್ಲಿ ಅಭಿಪ್ರಾಯ ಕೂತಾಗಿತ್ತು.

ನಿಜವಾದ ಗಂಟು ಬಿದ್ದದ್ದು ಒಂದನ್ನೊಂದು ಕಾಯುವುದರಲ್ಲಿ. ವೆಬ್‌ಸೈಟ್ ಮಾಡುವವರು ತಾವು ಬಳಸುವ ವೆಬ್ ಚೌಕಟ್ಟಾದ ಜಾಂಗೋ ಪೈಥಾನ್ 3ಕ್ಕೆ ಬರಲಿ ಅಂತ ಕಾದರು. ಜಾಂಗೋ ತಾನು ನಂಬಿದ ಡೇಟಾಬೇಸ್ ಲೈಬ್ರರಿಗಳಿಗೆ ಕಾಯಬೇಕಿತ್ತು. ಮೈಎಸ್‌ಕ್ಯೂಎಲ್‌ಗೆ ಎಲ್ಲರೂ ಬಳಸುತ್ತಿದ್ದ ಹಳೇ ಲೈಬ್ರರಿ ಪೈಥಾನ್ 3ಕ್ಕೆ ಬರಲೇ ಇಲ್ಲ, ಬೇರೆಯವರು ಅದನ್ನು ಫೋರ್ಕ್ ಮಾಡಿ (ಕೋಡಿನ ಪ್ರತಿ ತೆಗೆದು ಬೇರೆಯಾಗಿ ಬೆಳೆಸಿ) ತಂದರು. ಚಿತ್ರಗಳ ಕೆಲಸದ ಪಿಐಎಲ್ ಕೂಡ ಹಾಗೇ ನಿಂತಿತು. ಅದರ ಫೋರ್ಕ್ ಆದ ಪಿಲ್ಲೋ 2013ರಲ್ಲಿ ಪೈಥಾನ್ 3ಕ್ಕೆ ಬಂತು. ಇವತ್ತು ಎಲ್ಲರೂ ಬಳಸುವುದು ಪಿಲ್ಲೋವನ್ನೇ. ಜಾಂಗೋದಲ್ಲಿ ಪ್ರಾಯೋಗಿಕ ಬೆಂಬಲ ಬಂದದ್ದು 1.5ರಲ್ಲಿ, 2013ರ ಫೆಬ್ರವರಿಯಲ್ಲಿ. 3.0 ಬಂದು ನಾಲ್ಕು ವರ್ಷ ದಾಟಿತ್ತು. ನೀವು ಬರೆದ ಕೋಡ್ ಪೂರ್ತಿ ತಯಾರಿದ್ದರೂ ಅದು ಬಳಸುವ ಇಪ್ಪತ್ತು ಲೈಬ್ರರಿಗಳಲ್ಲಿ ಒಂದು ಬಾರದಿದ್ದರೆ ನೀವು ಹೊರಡುವ ಹಾಗಿಲ್ಲ.

ಎರಡರಲ್ಲೂ ಓಡುವ ಒಂದೇ ಕೋಡ್

ದಾರಿ ತೆರೆದದ್ದು ಲೈಬ್ರರಿ ಬರೆಯುವವರೇ. ಪರಿವರ್ತಿಸುವ ಟೂಲನ್ನು ಬದಿಗಿಟ್ಟು, ಎರಡೂ ವರ್ಷನ್‌ಗಳಲ್ಲಿ ತಿದ್ದದೆ ಓಡುವ ಒಂದೇ ಕೋಡ್ ಬರೆಯಲು ಶುರು ಮಾಡಿದರು. ಮೂಲ ಯೋಜನೆ ಬೇಡ ಅಂದಿದ್ದ ದಾರಿ ಇದು. ಎರಡರ ನಡುವಿನ ವ್ಯತ್ಯಾಸ ಮುಚ್ಚಲು ಬೆಂಜಮಿನ್ ಪೀಟರ್ಸನ್ ‘ಸಿಕ್ಸ್’ ಅನ್ನೋ ಪುಟ್ಟ ಲೈಬ್ರರಿ ಬರೆದರು. ಎರಡು ಗುಣಿಸು ಮೂರು, ಆರು. ಒಂದೇ ಫೈಲಿನಲ್ಲಿ ಕೂರುವ ಈ ಲೈಬ್ರರಿ ಮುಂದೆ ಪೈಥಾನ್‌ನಲ್ಲಿ ಅತಿ ಹೆಚ್ಚು ಡೌನ್‌ಲೋಡ್ ಆಗುವವುಗಳ ಸಾಲಿಗೆ ಸೇರಿತು.

ಜನ ಎಲ್ಲಿ ಒದ್ದಾಡುತ್ತಿದ್ದಾರೆ ಅಂತ ಪೈಥಾನ್ ತಂಡವೂ ನೋಡಿತು, ತಗ್ಗಿತು. ನನಗೆ ಈ ಪ್ರಕರಣದಲ್ಲಿ ಬಹಳ ಇಷ್ಟವಾದ ಭಾಗ ಇದು. ಪೈಥಾನ್ 2ರಲ್ಲಿ ಯೂನಿಕೋಡ್ ಸ್ಟ್ರಿಂಗ್ ಬರೆಯುವಾಗ ಕೋಟ್‌ನ ಮುಂದೆ ‘ಯು’ ಅಂತ ಒಂದು ಅಕ್ಷರ ಹಾಕಬೇಕಿತ್ತು. ಪೈಥಾನ್ 3ರಲ್ಲಿ ಎಲ್ಲ ಸ್ಟ್ರಿಂಗ್ ಯೂನಿಕೋಡೇ, ಆದ್ದರಿಂದ ಆ ‘ಯು’ ಬೇಡ ಅಂತ ತೆಗೆದಿದ್ದರು. ಲೆಕ್ಕಕ್ಕೆ ಸರಿ. ಆದರೆ ಯೂನಿಕೋಡ್ ಬಗ್ಗೆ ಮೊದಲಿಂದಲೂ ಕಾಳಜಿ ಇಟ್ಟು ಎಲ್ಲ ಕಡೆ ‘ಯು’ ಹಾಕಿ ಬರೆದವರ ಕೋಡ್ ಇದರಿಂದಲೇ ಪೈಥಾನ್ 3ರಲ್ಲಿ ಸಿಂಟ್ಯಾಕ್ಸ್ ಎರರ್ ಕೊಡುತ್ತಿತ್ತು. ಸರಿಯಾಗಿ ಬರೆದವರಿಗೇ ಜಾಸ್ತಿ ಶಿಕ್ಷೆ. 2012ರ ಸೆಪ್ಟೆಂಬರ್‌ನಲ್ಲಿ ಬಂದ 3.3ರಲ್ಲಿ ಆ ‘ಯು’ ವಾಪಸ್ ಬಂತು. ಅದು ಏನೂ ಕೆಲಸ ಮಾಡುವುದಿಲ್ಲ, ಸುಮ್ನೆ ಇರುತ್ತದೆ. ಆದರೆ ಒಂದೇ ಕೋಡ್ ಎರಡೂ ಕಡೆ ಓಡಲು ಈ ಒಂದಕ್ಷರದಿಂದ ಎಷ್ಟೋ ಪ್ರಾಜೆಕ್ಟ್‌ಗಳಿಗೆ ದಾರಿಯಾಯಿತು. ಬೈಟ್‌ಗಳ ಒಳಗೆ ಶೇಕಡಾ ಚಿಹ್ನೆ ಬಳಸಿ ಮೌಲ್ಯ ತುಂಬುವ ಸೌಲಭ್ಯವನ್ನೂ ತೆಗೆದಿದ್ದರು. ನೆಟ್‌ವರ್ಕ್ ಪ್ರೋಗ್ರಾಂ ಬರೆಯುವವರು ಪದೇ ಪದೇ ಕೇಳಿದ ಮೇಲೆ 2015ರಲ್ಲಿ, 3.5ರಲ್ಲಿ ಅದೂ ಮರಳಿತು.

ಈ ಕಡೆ ಹಳೆಯದರ ಬಗ್ಗೆ ಕಟ್ಟುನಿಟ್ಟಾದರು. 2010ರ ಜುಲೈನಲ್ಲಿ ಬಂದ 2.7ರ ಮುಂದೆ 2.8 ಇಲ್ಲ ಅಂತ ಅಧಿಕೃತವಾಗಿ ಬರೆದೇ ಪ್ರಕಟಿಸಿದರು. 2.7ಕ್ಕೆ ದೋಷ ತಿದ್ದುಪಡಿ ಸಿಗುತ್ತದೆ, ಹೊಸ ಸೌಲಭ್ಯ ಸಿಗುವುದಿಲ್ಲ. ಬೆಂಬಲ 2015ಕ್ಕೆ ಮುಗಿಯಬೇಕಿತ್ತು. 2014ರಲ್ಲಿ ಮಾಂಟ್ರಿಯಲ್‌ನಲ್ಲಿ ಪೈಥಾನ್ ಸಮ್ಮೇಳನ ಪೈಕಾನ್ ನಡೆದ ಹೊತ್ತಿಗೆ ಜನ ಇನ್ನೂ ತಯಾರಿಲ್ಲ ಅಂತ ಸ್ಪಷ್ಟವಾಗಿತ್ತು, ಗಡುವನ್ನು 2020ಕ್ಕೆ ಮುಂದೂಡಿದರು. ಹಾಗೆ ಮಾಡದಿದ್ದರೆ ಬೇಗ ಮುಗಿಯುತ್ತಿತ್ತು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 2015ಕ್ಕೇ ಕೈಬಿಟ್ಟಿದ್ದರೆ ದೊಡ್ಡ ಕಂಪನಿಗಳು ಸೇರಿ 2.7ನ್ನು ಫೋರ್ಕ್ ಮಾಡಿಕೊಂಡು ಬೇರೆ ಭಾಷೆಯಾಗಿ ನಡೆಸುವ ಸಾಧ್ಯತೆ ಇತ್ತು. ಆ ಐದು ವರ್ಷ ಕೊಟ್ಟದ್ದರಿಂದ ಭಾಷೆ ಒಂದಾಗಿ ಉಳಿಯಿತು.

2017ರ ಹೊತ್ತಿಗೆ ಗಾಳಿ ತಿರುಗಿತ್ತು. ಇನ್‌ಸ್ಟಾಗ್ರಾಂ ತಾನು ಪೂರ್ತಿ ಪೈಥಾನ್ 3ಕ್ಕೆ ಬಂದಿದ್ದೇನೆ ಅಂತ ಆ ವರ್ಷದ ಪೈಕಾನ್‌ನಲ್ಲಿ ಹೇಳಿತು. ಅವರೂ ಬೇರೆ ಬ್ರ್ಯಾಂಚ್ (ಕೋಡಿನ ಪ್ರತ್ಯೇಕ ಪ್ರತಿ) ಮಾಡಲಿಲ್ಲ. ಎಂದಿನ ಕೆಲಸ ನಡೆಯುತ್ತಿದ್ದ ಅದೇ ಕೋಡನ್ನು ಎರಡರಲ್ಲೂ ಓಡುವ ಹಾಗೆ ತಿದ್ದುತ್ತಾ ದಾಟಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂದ ಜಾಂಗೋ 2.0 ಪೈಥಾನ್ 2ನ್ನು ಕೈಬಿಟ್ಟಿತು. ಸಂಖ್ಯೆಗಳ ಲೆಕ್ಕಾಚಾರದ ಲೈಬ್ರರಿ ನಮ್‌ಪೈ ಕೂಡ ಪೈಥಾನ್ 2ನ್ನು ಬಿಟ್ಟಿತು, ಆದರೆ ಅದನ್ನು 2019ರಲ್ಲಿ 1.17 ಅನ್ನೋ ಮೈನರ್ ಬಿಡುಗಡೆಯಲ್ಲಿ ಮಾಡಿತು. ಒಂದೇ ಸುದ್ದಿ, ಒಬ್ಬರು ಮೊದಲ ಅಂಕಿಯಲ್ಲಿ ಹೇಳಿದರು, ಇನ್ನೊಬ್ಬರು ನಡುವಿನದರಲ್ಲಿ. ಬರೀ ನಂಬರ್ ನೋಡಿ ಅಪ್‌ಗ್ರೇಡ್ ಮಾಡಬಾರದು ಅಂತ ನಾನು ಹೊಸಬರಿಗೆ ಹೇಳುವುದು ಇಂಥದ್ದಕ್ಕೇ.

ಕೆಲವರಿಗೆ ಈ ದಾರಿ ಕೊನೆಯವರೆಗೂ ಕಷ್ಟವೇ ಆಯಿತು. ಮರ್ಕ್ಯೂರಿಯಲ್ ಅನ್ನೋ, ಕೋಡಿನ ಬದಲಾವಣೆಗಳ ಲೆಕ್ಕ ಇಡುವ ವರ್ಷನ್ ಕಂಟ್ರೋಲ್ ಸಾಫ್ಟ್‌ವೇರ್‌ನ ಕೆಲಸವೇ ಫೈಲಿನ ಬೈಟ್‌ಗಳನ್ನು ಇದ್ದ ಹಾಗೇ ಕಾಪಾಡುವುದು. ಫೈಲಿನ ಹೆಸರು ಕೂಡ ಅದರ ಪಾಲಿಗೆ ಬೈಟ್‌ಗಳೇ. ಎಲ್ಲವೂ ಪಠ್ಯ ಅಂತ ಶುರು ಮಾಡುವ ಪೈಥಾನ್ 3 ಅದಕ್ಕೆ ಸಹಾಯಕ್ಕಿಂತ ಹೊರೆಯಾಯಿತು. ಅದು ದಾಟುವಷ್ಟರಲ್ಲಿ 2019 ಮುಗಿಯುತ್ತಾ ಬಂದಿತ್ತು. ಇ-ಪುಸ್ತಕ ಓದುವವರಲ್ಲಿ ಹಲವರು ಬಳಸುವ ಕ್ಯಾಲಿಬರ್ 2020ರ ಸೆಪ್ಟೆಂಬರ್‌ನಲ್ಲಿ, ಅಂದರೆ ಗಡುವು ಕಳೆದ ಮೇಲೆ, 5.0ರಲ್ಲಿ ಪೈಥಾನ್ 3ಕ್ಕೆ ಬಂತು. ಆಗ ಅದರ ಮೂರನೆಯವರ ಪ್ಲಗಿನ್‌ಗಳಲ್ಲಿ ಕೆಲವು ಕೆಲಸ ನಿಲ್ಲಿಸಿದವು. ಪೈಥಾನ್ ಅಂದರೆ ಏನು ಅಂತ ಕೇಳಿಯೂ ಇರದ ಓದುಗರ ತನಕ ಆ ಮೊದಲ ಅಂಕಿಯ ಪರಿಣಾಮ ತಲುಪಿತು.

4 ಬಾರದೆ 3.10 ಬಂದಾಗ

3.9 ಆದ ಮೇಲೆ ಏನು? ಹಲವರು 4.0 ಅಂದುಕೊಂಡಿದ್ದರು. ಈ ನಂಬರ್ ದಶಮಾಂಶ ಅಲ್ಲ, ಚುಕ್ಕೆಯ ಎರಡು ಕಡೆ ಬೇರೆ ಬೇರೆ ಎಣಿಕೆ. 9 ಆದ ಮೇಲೆ 10. 2021ರ ಅಕ್ಟೋಬರ್‌ನಲ್ಲಿ ಬಂದದ್ದು 3.10. ಆಗಲೂ ಕೆಲವು ಕಡೆ ಕೆಟ್ಟಿತು. ಪೈಥಾನ್ ತನ್ನ ವರ್ಷನ್ ಹೇಳುವ ಸ್ಟ್ರಿಂಗ್‌ನಿಂದ ಮೊದಲ ಮೂರು ಅಕ್ಷರ ಕತ್ತರಿಸಿ ನೋಡುವ ಪ್ರೋಗ್ರಾಂಗಳಿದ್ದವು. ಅವುಗಳ ಕಣ್ಣಿಗೆ 3.10 ಅನ್ನೋದು 3.1 ಆಗಿ ಕಂಡಿತು. ಕೋಡನ್ನು ತಾನಾಗಿ ಟೆಸ್ಟ್ ಮಾಡುವ ಸರ್ವರ್‌ಗಳಿಗೆ ಯಾಮಲ್ ಅನ್ನೋ ಮಾದರಿಯ ಸೆಟ್ಟಿಂಗ್ ಫೈಲಿನಲ್ಲಿ ವರ್ಷನ್ ಬರೆದುಕೊಡುತ್ತಾರೆ. ಅಲ್ಲಿ ಕೋಟ್ ಹಾಕದೆ 3.10 ಅಂತ ಬರೆದರೆ ಯಾಮಲ್ ಅದನ್ನು ಸಂಖ್ಯೆ ಅಂತ ಓದಿ ಕೊನೆಯ ಸೊನ್ನೆ ಬಿಟ್ಟುಬಿಡುತ್ತದೆ. 2009ರ 3.1 ಬೇಕು ಅಂತ ಸರ್ವರ್ ಹುಡುಕಲು ಹೊರಡುತ್ತದೆ. ಪರಿಹಾರ ಇಷ್ಟೇ: ವರ್ಷನ್ ನಂಬರನ್ನು ಯಾವಾಗಲೂ ಕೋಟ್ ಒಳಗೆ ಬರೆಯಿರಿ.

4.0 ಅನ್ನೋ ಯೋಚನೆಯೇ ತಂಡಕ್ಕೆ ಈಗ ಬೇಡವಾಗಿದೆ. ಒಂದೇ ಹೊತ್ತಿಗೆ ಒಂದೇ ಥ್ರೆಡ್ (ಪ್ರೋಗ್ರಾಂ ಒಳಗಿನ ಕೆಲಸದ ಒಂದು ಎಳೆ) ಓಡಲು ಬಿಡುವ ಒಳಗಿನ ಬೀಗವನ್ನು ತೆಗೆಯುವ ಪ್ರಸ್ತಾಪಕ್ಕೆ 2023ರ ಜುಲೈನಲ್ಲಿ ಒಲವು ತೋರಿಸುವಾಗ ಪೈಥಾನ್ ಬಗ್ಗೆ ಕೊನೆಯ ತೀರ್ಮಾನ ಮಾಡುವ ಸ್ಟೀರಿಂಗ್ ಕೌನ್ಸಿಲ್ ಒಂದು ಷರತ್ತನ್ನು ಸ್ಪಷ್ಟವಾಗಿ ಹೇಳಿತು: ಪೈಥಾನ್ 3ರ ಪರಿಸ್ಥಿತಿ ಮತ್ತೆ ಬರಬಾರದು. ಅದಕ್ಕೇ ಆ ಬದಲಾವಣೆ ಮೊದಲು ಬಂದದ್ದು 3.13ರಲ್ಲಿ, ಬೇಕಾದವರು ಮಾತ್ರ ಆರಿಸಿಕೊಳ್ಳುವ ಬೇರೆ ಬಿಲ್ಡ್ ಆಗಿ.

ಹಾಗಂತ 3ರ ಸಾಲಿನಲ್ಲಿ ಏನೂ ಮುರಿಯುತ್ತಿಲ್ಲ ಅಂದುಕೊಳ್ಳಬೇಡಿ. 3.7ರಲ್ಲಿ ‘ಅಸಿಂಕ್’ ಅನ್ನೋದು ಭಾಷೆಯ ಮೀಸಲು ಪದವಾಯಿತು. ಆ ಹೆಸರನ್ನು ತಮ್ಮ ಕೋಡಿನಲ್ಲಿ ಬಳಸಿದ್ದ ಸೆಲರಿಯಂಥ ಲೈಬ್ರರಿಗಳು ಹೆಸರು ಬದಲಾಯಿಸಬೇಕಾಯಿತು. 3.12ರಲ್ಲಿ ಪ್ಯಾಕೇಜ್ ಕಟ್ಟಲು ವರ್ಷಗಳಿಂದ ಬಳಸುತ್ತಿದ್ದ ಡಿಸ್ಟ್‌ಯುಟಿಲ್ಸ್ ಹೋಯಿತು. 3.13ರಲ್ಲಿ ಹಳೇ ಮಾಡ್ಯೂಲ್‌ಗಳ ಒಂದು ಗುಂಪೇ ಹೋಯಿತು. ಪೈಥಾನ್‌ನಲ್ಲಿ ಈಗ ಹುಷಾರಾಗಿ ನೋಡಬೇಕಾದದ್ದು ನಡುವಿನ ಅಂಕಿಯನ್ನು. ತೆಗೆಯುವ ಮೊದಲು ಸಾಮಾನ್ಯವಾಗಿ ಎರಡು ಬಿಡುಗಡೆಗಳಾದರೂ ಎಚ್ಚರಿಕೆ ಕೊಡುತ್ತಾರೆ. ಆ ಎಚ್ಚರಿಕೆಗಳನ್ನು ನಮ್ಮಲ್ಲಿ ಎಷ್ಟೋ ಜನ ಆಫ್ ಮಾಡಿಟ್ಟಿರುತ್ತೇವೆ. ಅದನ್ನು ಆನ್ ಮಾಡಿ ವರ್ಷಕ್ಕೊಮ್ಮೆ ಟೆಸ್ಟ್ ಓಡಿಸಿದರೆ ಅರ್ಧ ತೊಂದರೆ ಮೊದಲೇ ಕಾಣುತ್ತದೆ.

ಪೈಥಾನ್ 3ರ ಅನುಭವವನ್ನು ಚೆನ್ನಾಗಿ ಬಳಸಿಕೊಂಡವರು ನಮ್‌ಪೈ ತಂಡ. 1.0 ಬಂದದ್ದು 2006ರಲ್ಲಿ. ಮೊದಲ ಅಂಕಿ ಬದಲಾದದ್ದು 2024ರ ಜೂನ್‌ನಲ್ಲಿ, ಸುಮಾರು ಹದಿನೆಂಟು ವರ್ಷ ಕಳೆದ ಮೇಲೆ. 2.0ರಲ್ಲಿ ಹಳೇ ಹೆಸರುಗಳನ್ನು ತೆಗೆದರು, ಒಳಗಿನ ರಚನೆ ಬದಲಾಯಿಸಿದರು. 1ಕ್ಕೆ ಕಂಪೈಲ್ ಮಾಡಿದ (ಯಂತ್ರಭಾಷೆಗೆ ಇಳಿಸಿದ) ಎಕ್ಸ್‌ಟೆನ್ಷನ್‌ಗಳು 2ರಲ್ಲಿ ಓಡುವುದಿಲ್ಲ. ಆದರೆ 2ಕ್ಕೆ ಕಂಪೈಲ್ ಮಾಡಿದ್ದು 1ರ ಇತ್ತೀಚಿನ ಬಿಡುಗಡೆಗಳಲ್ಲೂ ಓಡುವ ಹಾಗೆ ಮಾಡಿದರು. ಲೈಬ್ರರಿ ಬರೆಯುವವರು ಒಂದು ಸಲ ಹೊಸದಕ್ಕೆ ಕಂಪೈಲ್ ಮಾಡಿ ಕೊಟ್ಟರೆ ಸಾಕು, ಬಳಕೆದಾರರು ತಮಗೆ ಅನುಕೂಲವಾದಾಗ ದಾಟಬಹುದು. ಹೆಸರು ಬದಲಾದ ಕಡೆಗಳನ್ನು ತಾನಾಗಿ ತಿದ್ದುವ ನಿಯಮವೂ ರಫ್ ಅನ್ನೋ ಟೂಲ್‌ನಲ್ಲಿ ಸಿಗುವ ಹಾಗೆ ನೋಡಿಕೊಂಡರು. ಒಂದಷ್ಟು ದಿನ ಹಲವು ಪ್ರಾಜೆಕ್ಟ್‌ಗಳು "2ಕ್ಕಿಂತ ಕಡಿಮೆ ಇರಲಿ" ಅಂತ ತಮ್ಮ ಪಟ್ಟಿಯಲ್ಲಿ ಬರೆದುಕೊಂಡು ಕಾದವು, ಆಮೇಲೆ ಒಂದೊಂದಾಗಿ ಆ ಸಾಲು ತೆಗೆದವು.

ಪೈಥಾನ್ 2.7 ಪೂರ್ತಿ ಹೋಗಿಲ್ಲ ಅನ್ನೋದನ್ನೂ ಹೇಳಬೇಕು. ಪೈಥಾನ್ ಪ್ರೋಗ್ರಾಂಗಳನ್ನು ವೇಗವಾಗಿ ಓಡಿಸುವ ಪೈಪೈ ಅನ್ನೋ ಇಂಟರ್‌ಪ್ರಿಟರ್ ಆರ್‌ಪೈಥಾನ್‌ನಲ್ಲಿ ಬರೆದದ್ದು. ಆರ್‌ಪೈಥಾನ್ ಅಂದರೆ ಪೈಥಾನ್ 2ರದೇ ಒಂದು ಭಾಗ. ಹಾಗಾಗಿ ಪೈಥಾನ್ 3ನ್ನು ಓಡಿಸುವ ಪೈಪೈ ಕಟ್ಟಲೂ ಅವರಿಗೆ 2.7 ಬೇಕು. 2020ರ ಗಡುವಿನ ನಂತರವೂ ಅವರು 2.7ರ ತಮ್ಮ ರೂಪವನ್ನು ತಾವೇ ನೋಡಿಕೊಂಡು ಬಿಡುಗಡೆ ಮಾಡುತ್ತಾ ಬಂದಿದ್ದಾರೆ.